ಸೂಪಿಗೆ ನಂಚಿಕೊಳ್ಳಲು ಏನು?

ಗುರುವಾರ ಬೆಳಿಗ್ಗೆ ಅತ್ತಿಗೆಯ ಫೋನು ಬಂದಾಗ ಪೇಂಟರ್ ಅಡುಗೆಮನೆಯಲ್ಲಿ ನಿಂತು ಹೆಂಡತಿಗೆ ಜಡೆ ಹೆಣೆಯುತ್ತಿದ್ದ. ಅಂಗಡಿಗಳಿಗೆ ಬೋರ್ಡು ಬರೆಯುವುದು ಅವನ ಕಸುಬು. ಆ ಪೇಟೆಯ ಅರ್ಧಕ್ಕರ್ಧ ಬೋರ್ಡು ಅವನ ಕೈಯವೇ. ಗೆರೆ ನೆಟ್ಟಗಿರಬೇಕು, ಅಕ್ಷರದ ನಡುವೆ ಜಾಗ ಸಮನಾಗಿರಬೇಕು ಎಂಬ ಹಟ ಈಗ ಜಡೆಗೂ ಹತ್ತಿತ್ತು. ಮೂರನೆಯ ಸಲ ಬಿಚ್ಚಿದಾಗ ಹೆಂಡತಿಗೆ ತಾಳ್ಮೆ ಹೋಯಿತು.

"ರೀ, ನನ್ನನ್ನೇನು ಅಂಗಡಿ ಮೇಲೆ ತೂಗುಹಾಕ್ತೀರಾ? ಹೇಗಿದ್ರೂ ನಡೆಯತ್ತೆ, ಕಟ್ಟಿ ಬಿಡಿ."

ಅವಳ ಬಲಗೈ ಮೊಣಕೈವರೆಗೂ ಪ್ಲಾಸ್ಟರಿನಲ್ಲಿತ್ತು. ಐದು ದಿನದ ಹಿಂದೆ ಅಟ್ಟದ ಮೇಲಿನ ಡಬ್ಬಿ ತೆಗೆಯಲು ಸ್ಟೂಲು ಹತ್ತಿದವಳು ಡಬ್ಬಿಯ ಸಮೇತ ಕೆಳಗೆ ಬಂದಿದ್ದಳು. ಡಬ್ಬಿಗೆ ಏನೂ ಆಗಿರಲಿಲ್ಲ.

ಫೋನಿನಲ್ಲಿ ಅತ್ತಿಗೆ, ಅಂದರೆ ಅವಳ ಅಕ್ಕ, ಆಡಿದ್ದು ನಾಲ್ಕೇ ಮಾತು. "ಭಾನುವಾರ ಬರ್ತೀನಿ. ಕೈ ನೋಡ್ಬೇಕು. ಬೀಟ್‌ರೂಟ್ ಶೂಪ್ ಮಾಡಿ. ಅಷ್ಟೇ ಶಾಕು." ಫೋನು ಕಟ್ಟಾಯಿತು.

ಹೆಂಡತಿಯ ಮುಖದ ಬಣ್ಣ ಇಳಿದುಹೋಯಿತು. "ಕೇಳಿದ್ರಾ? ಹೇಗೆ ಹಲ್ಲು ಕಚ್ಕೊಂಡು ಮಾತಾಡಿದ್ಳು! ಬಿದ್ದ ದಿನವೇ ಹೇಳಲಿಲ್ಲ ಅಂತ ಸಿಟ್ಟು."

"ಲೈನು ಸರಿ ಇರಲಿಲ್ಲವೇನೋ. ಸೂಪು ಸಾಕು ಅಂದ್ರಲ್ಲ, ಅದನ್ನ ನಾನೇ ಮಾಡ್ತೀನಿ ಬಿಡು. ಅದೊಂದು ನನಗೆ ಬರತ್ತೆ."

"ಅಕ್ಕ ಸಾಕು ಅಂದ್ರೆ ಸಾಕು ಅಂತ ಅರ್ಥ ಅಲ್ಲ ಕಣ್ರೀ. ಮದುವೆಯಾಗಿ ಇಪ್ಪತ್ತೆರಡು ವರ್ಷ ಆಯ್ತು, ಇನ್ನೂ ಅವಳ ಭಾಷೆ ಬರಲ್ವಾ ನಿಮಗೆ?"

ಆ ಭಾಷೆ ಅವನಿಗೂ ಒಂದಿಷ್ಟು ಗೊತ್ತಿತ್ತು. ಅತ್ತಿಗೆ ದೊಡ್ಡದೊಂದು ಆಸ್ಪತ್ರೆಯ ಅಡುಗೆಮನೆಯಲ್ಲಿ ಮೂವತ್ತು ವರ್ಷ ಮೇಲ್ವಿಚಾರಕಿಯಾಗಿದ್ದವರು. ದಿನಕ್ಕೆ ಮುನ್ನೂರು ಜನ ರೋಗಿಗಳು ಅವರು ಹಾಕಿಸಿದ್ದನ್ನು ಉಂಡು ಮರುಮಾತಾಡದೆ ಗುಣವಾಗಿದ್ದರು. ನಿವೃತ್ತಿಯಾದ ಮೇಲೂ ಯಾರ ಮನೆಯಲ್ಲಿ ಉಂಡರೂ ಹತ್ತಕ್ಕೆ ಇಷ್ಟು ಎಂದು ಅಂಕ ಕೊಡುವ ಅಭ್ಯಾಸ ಬಿಟ್ಟಿರಲಿಲ್ಲ. ತಂಗಿಗೆ ಈವರೆಗೆ ಸಿಕ್ಕ ಅತಿ ಹೆಚ್ಚು ಅಂಕ ಏಳು. ಅದೂ ಬಿಸಿನೀರು ಒಳ್ಳೆ ಬಿಸಿಯಾಗಿದೆ ಎಂಬುದಕ್ಕೆ. ಒಮ್ಮೆ "ಬರೀ ಟೀ ಸಾಕು" ಅಂದಿದ್ದರು. ಇವರು ನಂಬಿ ಬರೀ ಟೀ ಕೊಟ್ಟರು. ಜೊತೆಗೊಂದು ಬಿಸ್ಕತ್ತೂ ಇರಲಿಲ್ಲ ಎಂಬ ಮಾತು ಆರು ವರ್ಷ ನೆಂಟರಿಷ್ಟರ ಬಾಯಲ್ಲಿ ಓಡಾಡಿತು.

"ಸೂಪಿಗೆ ನಂಚಿಕೊಳ್ಳೋಕೆ ಏನು ಮಾಡ್ತಾರೆ ನೋಡೋಣ ಅಂತ ಪರೀಕ್ಷೆ ಇಟ್ಟಿದ್ದಾಳೆ" ಎಂದು ಹೆಂಡತಿ ತೀರ್ಪು ಕೊಟ್ಟಳು. "ಈ ಸಲ ಬಿಡಬಾರದು. ಕೈ ಮುರಿದಿದ್ರೂ ಬಿಡಬಾರದು."

ಮೂಲೆಯಲ್ಲಿ ಕೂತಿದ್ದ ಪೇಂಟರನ ತಾಯಿ, "ಯಾರ ಕೈ ಮುರಿಯಿತು?" ಎಂದು ಗಾಬರಿಯಾದಳು. ಎಂಬತ್ತು ದಾಟಿದ ಮುದುಕಿ. ಬಾಯಲ್ಲಿ ಒಂದೂ ಹಲ್ಲಿಲ್ಲ, ಕಿವಿಯಂತೂ ಬೇಕಾದಾಗ ಮಾತ್ರ ಕೇಳುತ್ತಿತ್ತು. ಸೊಸೆಯ ಕೈ ಮುರಿದ ಸುದ್ದಿಯನ್ನು ದಿನಾ ಹೊಸದಾಗಿ ಕೇಳಿ ದಿನಾ ಹೊಸದಾಗಿ ಮರುಗುತ್ತಿದ್ದಳು.

ಶನಿವಾರ ಪೇಂಟರ್ ತನ್ನ ಅಂಗಡಿಯಲ್ಲಿ ಕೂತು ಕೆಲಸಕ್ಕೆ ಕೈ ಹಾಕಿದ. ಅವನಿಗೆ ಗೊತ್ತಿದ್ದದ್ದು ಒಂದೇ ದಾರಿ: ಮೊದಲು ಕಾಗದದ ಮೇಲೆ ನೋಡಬೇಕು, ಆಮೇಲೆ ಗೋಡೆಯ ಮೇಲೆ. ಹಾಳೆಯ ನಡುವೆ ಬಟ್ಟಲಗಲದ ಕೆಂಪು ಬಳಿದ. ಬೀಟ್‌ರೂಟಿನ ಕೆಂಪು ಸಾಮಾನ್ಯದ್ದಲ್ಲ, ಪಕ್ಕದಲ್ಲಿ ಯಾರನ್ನೂ ಬಾಳಗೊಡುವುದಿಲ್ಲ. ಅದರ ಬದಿಗೆ ಹಸಿರಿಟ್ಟ. ಸಿಗ್ನಲ್ ದೀಪದ ಹಾಗೆ ಕಂಡಿತು. ಬರೀ ಬಿಳಿ ಇಟ್ಟರೆ ಔಷಧಿ ಅಂಗಡಿ. ಹಳದಿ ಇಟ್ಟ ಕೂಡಲೇ ಇಡೀ ತಟ್ಟೆ 'ಎಚ್ಚರಿಕೆ, ಮುಂದೆ ತಿರುವಿದೆ' ಎನ್ನತೊಡಗಿತು. ಮೂರನ್ನೂ ಸ್ವಲ್ಪ ಸ್ವಲ್ಪ ಸೇರಿಸಿ, ಅಂಚಿಗೆ ಕಂದು ಬಳಿದು, ದೂರ ನಿಂತು ಒಂದು ಕಣ್ಣು ಮುಚ್ಚಿ ನೋಡಿದ. ಪರವಾಗಿಲ್ಲ ಅನ್ನಿಸಿತು.

ಎದುರುಗಡೆ ಬೇಕರಿಯವನು ಟೀ ಹಿಡಿದುಕೊಂಡು ಬಂದು ಚಿತ್ರ ನೋಡಿದ. "ಇದ್ಯಾವ ದೇಶದ ಬಾವುಟ?"

"ಬಾವುಟ ಅಲ್ಲ ಮಾರಾಯ, ನಾಳೆ ಮಧ್ಯಾಹ್ನದ ಊಟ."

ವಿಷಯ ಕೇಳಿ ಬೇಕರಿಯವನು ಕುರ್ಚಿ ಎಳೆದು ಕೂತ. ತಿನ್ನುವ ವಿಷಯದಲ್ಲಿ ಅವನು ಯಾರನ್ನೂ ಅರ್ಧಕ್ಕೆ ಬಿಡುವವನಲ್ಲ. "ಬಣ್ಣ ಕಟ್ಕೊಂಡು ಏನ್ ಮಾಡ್ತೀಯ? ಬಾಯಿಗೆ ಕಣ್ಣಿದೆಯಾ? ಸೂಪು ಅಂದ್ರೆ ಏನು? ಮೆತ್ತಗಿರೋದು. ಹಂಗಾದ್ರೆ ಪಕ್ಕದಲ್ಲಿ ಇರಬೇಕಾದ್ದು?"

"ಏನು?"

"ಗಟ್ಟಿ! ಕಡಿದ್ರೆ ಕಟಂ ಅನ್ನಬೇಕು. ಹಲ್ಲಿಗೂ ಒಂದಿಷ್ಟು ಕೆಲಸ ಬೇಡ್ವಾ? ಅದಿಲ್ಲದಿದ್ರೆ ಉಂಡ ಹಾಗಿರಲ್ಲ, ಔಷಧಿ ಕುಡಿದ ಹಾಗಿರತ್ತೆ."

ಈ ಮಾತು ಪೇಂಟರನ ತಲೆಗೆ ಮೊಳೆ ಹೊಡೆದ ಹಾಗೆ ಇಳಿಯಿತು. ಬೇಕರಿಯವನು ಅಲ್ಲಿಗೇ ನಿಲ್ಲದೆ ಎರಡು ಸಲ ಸುಟ್ಟ ಬ್ರೆಡ್ಡಿನ ಉದ್ದುದ್ದ ತುಂಡು ಕಟ್ಟಿಕೊಟ್ಟ. ಒಂದು ತುಂಡನ್ನು ಮೇಜಿಗೆ ಬಡಿದು ತೋರಿಸಿದ. ಮೇಜೇ ಸದ್ದು ಮಾಡಿತು.

ಅಲ್ಲಿಂದ ತರಕಾರಿಯವಳ ಹತ್ತಿರ ಹೋದ. "ಗಟ್ಟಿಯಾಗಿರೋದು ಏನಿದೆ?" ಎಂದು ಕೇಳಿದ್ದಕ್ಕೆ ಅವಳು ಅವನ ಮುಖ ನೋಡಿದಳು. ಮೂವತ್ತು ವರ್ಷದ ವ್ಯಾಪಾರದಲ್ಲಿ ಎಳೆಯದು ಕೊಡು ಎಂದವರೇ ಎಲ್ಲ. ಆದರೂ ಗಿರಾಕಿ ಕೇಳಿದ ಮೇಲೆ ಇಲ್ಲ ಎನ್ನುವುದುಂಟೇ? ಬಲಿತ ಮೂಲಂಗಿ, ಬಿರುಸಾದ ಸೌತೆಕಾಯಿ, ಎರಡು ಕೈಯಲ್ಲಿ ಹಿಡಿದು ತಿನ್ನುವಂಥ ನಾಲ್ಕು ಮೆಕ್ಕೆಜೋಳದ ತೆನೆ ಆರಿಸಿಕೊಟ್ಟಳು. "ಈ ತೆನೆ ತಿಂದು ಮುಗಿಸಿದ್ರೆ ಅವರ ಹಲ್ಲಿಗೆ ನಾನೇ ಬಂದು ಕೈಮುಗೀತೀನಿ" ಎಂದಳು. ಪೇಂಟರ್ ಅದನ್ನು ಹೊಗಳಿಕೆಯೆಂದೇ ತಿಳಿದ. ಬರುವ ದಾರಿಯಲ್ಲಿ ಒಂದು ಪೊಟ್ಟಣ ಹುರಿದ ಕಡಲೆಯನ್ನೂ ತಂದ. ಸೂಪಿನ ಮೇಲೆ ಉದುರಿಸಲು ಬೇಕಾದೀತು.

ಭಾನುವಾರ ಬೆಳಿಗ್ಗೆ ಹೆಂಡತಿ ಅಡುಗೆಮನೆಯ ನಡುವೆ ಕುರ್ಚಿ ಹಾಕಿಸಿಕೊಂಡು ಕೂತು, ಎಡಗೈಯಲ್ಲಿ ಸೌಟು ಹಿಡಿದು ಆಜ್ಞೆ ಮಾಡತೊಡಗಿದಳು. ಪೇಂಟರ್ ಬೀಟ್‌ರೂಟನ್ನು ಸಿಪ್ಪೆ ಸಮೇತ ಬೇಯಿಸಿದ, ಸುಲಿದ. ಈರುಳ್ಳಿ ಬೆಳ್ಳುಳ್ಳಿ ಬೆಣ್ಣೆಯಲ್ಲಿ ಬಾಡಿಸಿದ. ಎರಡೂ ಕೈ ಮಣಿಕಟ್ಟಿನವರೆಗೆ ಕೆಂಪಾಗಿದ್ದನ್ನು ಕಂಡು ತಾಯಿ, "ಅಯ್ಯೋ ನನ್ನ ಮಗನೇ! ಕೊಯ್ಕೊಂಡ್ಯಾ?" ಎಂದು ಎದೆ ಬಡಿದುಕೊಂಡಳು. ಅವಳನ್ನು ಸಮಾಧಾನ ಮಾಡುವಷ್ಟರಲ್ಲಿ ಪಕ್ಕದ ಬಾಣಲೆಯಲ್ಲಿ ಹುರಿಯಲಿಟ್ಟಿದ್ದ ಆಲೂಗಡ್ಡೆ ಒಂದು ಬದಿ ಸೀದಿತು.

"ಸೀದಿಲ್ಲ, ಗರಿಗರಿಯಾಗಿದೆ" ಎಂದ ಪೇಂಟರ್.

"ನೀವು ಸುಮ್ನಿರಿ. ಅಕ್ಕನಿಗೆ ಎರಡಕ್ಕೂ ಇರೋ ವ್ಯತ್ಯಾಸ ಬೀದಿ ತುದೀಲೇ ಮೂಗಿಗೆ ಗೊತ್ತಾಗತ್ತೆ."

ಎಲ್ಲ ರುಬ್ಬಿ, ಕುದಿಸಿ, ಮೆಣಸಿನಪುಡಿ ಹಾಕಿ, ಕೊನೆಗೆ ನಿಂಬೆರಸ ಹಿಂಡಿದ. ಮಂಕಾಗಿದ್ದ ಕೆಂಪು ಎದ್ದು ಕೂತಿತು. ಅಂಥ ಕೆಂಪನ್ನು ಅವನು ಡಬ್ಬಿಯಿಂದ ಎಂದೂ ತೆಗೆದಿರಲಿಲ್ಲ. ಒಂದು ಗಳಿಗೆ ಅತ್ತಿಗೆಯನ್ನೂ ಮರೆತು ನೋಡುತ್ತ ನಿಂತ.

ಹನ್ನೆರಡೂವರೆಗೆ ಅತ್ತಿಗೆ ಬಂದರು. ಸಾಮಾನ್ಯವಾಗಿ ಅವರ ದನಿ ಮೆಟ್ಟಿಲಲ್ಲೇ ಕೇಳುತ್ತಿತ್ತು. ಇವತ್ತು ಕರೆಗಂಟೆ ಮಾತ್ರ ಕೇಳಿತು. ಬಾಗಿಲು ತೆಗೆದರೆ ಬಾಯಿಗೆ ಕರವಸ್ತ್ರ ಒತ್ತಿ ಹಿಡಿದು ನಿಂತಿದ್ದಾರೆ.

"ಏನಾಯ್ತಕ್ಕ?"

"ನೆಗಡಿ" ಎಂದರು ಕರವಸ್ತ್ರದ ಒಳಗಿಂದಲೇ. ಮೂಗು ಮಾತ್ರ ಹೊರಗೆ ಆರಾಮವಾಗಿತ್ತು. ತಂಗಿಯ ಪ್ಲಾಸ್ಟರನ್ನು ಆ ಕಡೆ ಈ ಕಡೆ ತಿರುಗಿಸಿ ನೋಡಿದರು, ಬೆರಳು ಒಂದೊಂದಾಗಿ ಒತ್ತಿ "ನೋವಾ?" ಎಂದರು, ತಲೆ ನೇವರಿಸಿದರು. ಒಂದೇ ಒಂದು ಬೈಗುಳವಿಲ್ಲ. ಹೆಂಡತಿ ಗಂಡನ ಕಡೆ ನೋಡಿದ ನೋಟದಲ್ಲಿ 'ಇದು ಮಾಮೂಲಿ ಸಿಟ್ಟಲ್ಲ, ಭಾರಿಯಾದದ್ದು' ಎಂದು ಬರೆದಿತ್ತು.

ಊಟಕ್ಕೆ ಕೂತರು. ಪೇಂಟರ್ ಹಾಳೆಯಲ್ಲಿದ್ದ ಹಾಗೇ ಮೇಜು ಜೋಡಿಸಿದ್ದ. ನಡುವೆ ಕೆಂಪು ಸೂಪು, ಸುತ್ತ ಬಿಳಿ ಮೂಲಂಗಿ, ಹಸಿರು ಸೌತೆ, ಹಳದಿ ತೆನೆ, ಕಂದು ಆಲೂಗಡ್ಡೆ, ಸೈನಿಕರಂತೆ ಸಾಲಾಗಿ ನಿಂತ ಬ್ರೆಡ್ಡು. ಅತ್ತಿಗೆ ಅದನ್ನೆಲ್ಲ ಒಂದು ಸುತ್ತು ನೋಡಿ ಕಣ್ಣು ಮುಚ್ಚಿಕೊಂಡರು.

"ಶೂಪ್ ಶಾಕು ಅಂದಿದ್ದೆ."

"ಏನಿಲ್ಲ ಅತ್ತಿಗೆ, ಸುಮ್ನೆ ನಂಚಿಕೊಳ್ಳೋಕೆ" ಎಂದು ಪೇಂಟರ್ ಒಂದು ತೆನೆ ಎತ್ತಿ ಅವರ ತಟ್ಟೆಗಿಟ್ಟ. ಅವರು ಅದನ್ನು ಮೆಲ್ಲಗೆ ತಟ್ಟೆಯ ಅಂಚಿಗೆ ಉರುಳಿಸಿದರು. ಆಲೂಗಡ್ಡೆ ಹಾಕಿದ. "ಬೇಡ, ಎಣ್ಣೆ." ಮೂಲಂಗಿ? "ವಾಯು." ಸೌತೆಕಾಯಿ? "ಥಂಡಿ." ಕಡಲೆ ತೋರಿಸಿದಾಗ ಕೈಯನ್ನೇ ಅಡ್ಡ ಹಿಡಿದರು. ಸೂಪು ಮಾತ್ರ ಒಂದು ಬಟ್ಟಲು ಮುಗಿಯಿತು. ಅಂಕ ಬರಲಿಲ್ಲ.

ಹೆಂಡತಿ ಚಮಚ ಕೆಳಗಿಟ್ಟಳು. "ಅಕ್ಕ, ಬೈಯೋದಿದ್ರೆ ಬೈದುಬಿಡು. ಎರಡು ಕೊಡು, ಮೂರು ಕೊಡು, ಸೊನ್ನೆ ಬೇಕಾದ್ರೂ ಕೊಡು. ಪಾಪ, ಇವರು ಎರಡು ದಿನದಿಂದ ಒದ್ದಾಡಿದ್ದಾರೆ. ಹೀಗೆ ಮುಟ್ಟದೇ ಕೂತ್ರೆ ನನಗೆ ಹೇಗಾಗತ್ತೆ?"

ಅತ್ತಿಗೆ ತಂಗಿಯ ಸಮಾಧಾನಕ್ಕೆಂದು ಒಂದು ಬ್ರೆಡ್ಡಿನ ತುಂಡು ತೆಗೆದುಕೊಂಡರು. ಇನ್ನೊಂದು ಸೌಟು ಸೂಪು ಹಾಕಿಸಿಕೊಂಡು ಅದರಲ್ಲಿ ಅದ್ದಿದರು. ಕಾದರು. ಇನ್ನೂ ಕಾದರು. ಅದು ಬಾಗಿ ತಲೆ ತಗ್ಗಿಸಿದ ಮೇಲೆ ಕರವಸ್ತ್ರದ ಮರೆಯಲ್ಲಿ ಬಾಯಿಗೆ ಹಾಕಿಕೊಂಡರು.

ಪೇಂಟರನ ಕಣ್ಣು ಅಕ್ಷರದ ಸೊಟ್ಟ ಹಿಡಿಯುವ ಕಣ್ಣು. ಮೇಜಿನ ಆ ತುದಿಯಲ್ಲಿ ಅವನ ತಾಯಿಯೂ ಹಾಗೇ ಬ್ರೆಡ್ಡು ನೆನೆಸುತ್ತಿದ್ದಳು. ನೆನೆಸಿದ್ದನ್ನು ನಾಲಿಗೆಯಿಂದ ಅಂಗುಳಕ್ಕೆ ಒತ್ತಿ, ತುಟಿ ಒಳಕ್ಕೆಳೆದು, ಗಲ್ಲವನ್ನು ಮೂಗಿನ ಹತ್ತಿರ ತರುತ್ತಿದ್ದಳು. ಈ ತುದಿಯಲ್ಲಿ ಕರವಸ್ತ್ರದ ಕೆಳಗೆ ಅದೇ ಗಲ್ಲ, ಅದೇ ಏರಿಳಿತ. ಎರಡು ಬಾಯಿ, ಒಂದೇ ಅಚ್ಚು. ಅವನಿಗೆ ಕೈಯಲ್ಲಿದ್ದ ಸೌಟು ಕೆಳಗಿಡಲೂ ಮರೆತುಹೋಯಿತು. ನೆಗಡಿಯೂ ಇಲ್ಲ, ಸಿಟ್ಟೂ ಇಲ್ಲ. ಮುನ್ನೂರು ಜನರಿಗೆ ಉಣಿಸಿದ ಆ ಹೆಂಗಸು ಬಾಯಿಬಿಟ್ಟು ಹೇಳಲಾರದೆ ಹಸಿದು ಕೂತಿದ್ದಾರೆ, ತಾನು ಮುಂದೆ ನಿಂತು ಕಡಲೆ ತೋರಿಸುತ್ತಿದ್ದೇನೆ!

"ಒಂದ್ನಿಮಿಷ" ಎಂದು ತಟ್ಟೆಗಳನ್ನು ಎತ್ತಿಕೊಂಡು ಅಡುಗೆಮನೆಗೆ ನುಗ್ಗಿದ. ಆಲೂಗಡ್ಡೆಯ ಗರಿ ಕೆರೆದು ಒಳಗಿನ ಬಿಳಿಯನ್ನು ಬೆಣ್ಣೆ ಉಪ್ಪು ಹಾಕಿ ಹಿಸುಕಿದ. ಸೌತೆಕಾಯಿ ತುರಿದು ಮೊಸರಿಗೆ ಕಲಸಿದ. ಬ್ರೆಡ್ಡನ್ನು ಬಿಸಿ ಸೂಪಿನಲ್ಲಿ ಮುಳುಗಿಸಿಬಿಟ್ಟ. ತೆನೆಗೆ ಮಾತ್ರ ಏನು ಮಾಡಲೂ ತೋಚಲಿಲ್ಲ. ಅದನ್ನು ಕಪಾಟಿನಲ್ಲಿ ಬಚ್ಚಿಟ್ಟ. ಹತ್ತು ನಿಮಿಷದಲ್ಲಿ ಮೂರು ಬಟ್ಟಲು ತಂದು, ಯಾರ ಮುಖವನ್ನೂ ನೋಡದೆ, ಅತ್ತಿಗೆಯ ಮುಂದಿಟ್ಟು, "ಅಮ್ಮನಿಗೆ ಅಂತ ಮಾಡಿದ್ದು, ಜಾಸ್ತಿಯಾಯ್ತು. ನೀವೂ ಒಂಚೂರು ನೋಡಿ" ಎಂದ.

ಅತ್ತಿಗೆ ಅವನನ್ನು ಒಂದು ಕ್ಷಣ ನೋಡಿದರು. ಆಮೇಲೆ ಚಮಚ ಹಿಡಿದರು. ಆಲೂಗಡ್ಡೆಯ ಬಟ್ಟಲು ಬರಿದಾಯಿತು. ಮೊಸರಿನ ಬಟ್ಟಲಿಗೂ ಅದೇ ಗತಿ. ಎರಡನೆಯ ಸಲ ಬಡಿಸಿಕೊಂಡು ಮೂರನೆಯದಕ್ಕೆ ಕಣ್ಣಲ್ಲೇ ಕೇಳಿದರು.

ಹೆಂಡತಿ ಬಿಟ್ಟ ಕಣ್ಣು ಬಿಟ್ಟ ಹಾಗೇ ಇದ್ದಳು. "ಎಣ್ಣೆ, ವಾಯು, ಥಂಡಿ ಎಲ್ಲ ಎಲ್ಲಿ ಹೋಯ್ತು?"

ಗುಟ್ಟು ಅಲ್ಲಿಗೇ ಉಳಿಯಬಹುದಿತ್ತು. ಆದರೆ ಇಷ್ಟು ಹೊತ್ತು ತನ್ನ ಬಟ್ಟಲಿನಲ್ಲಿ ಮುಳುಗಿದ್ದ ಮುದುಕಿ ತಲೆಯೆತ್ತಿ, ಅತ್ತಿಗೆಯನ್ನು ನೋಡಿ, ತನ್ನ ಜಾತಿಯವರೊಬ್ಬರು ಸಿಕ್ಕ ಸಂತೋಷದಲ್ಲಿ ದೊಡ್ಡ ದನಿಯಲ್ಲೇ ಹೇಳಿದಳು: "ಲೋ, ಇವಳಿಗೂ ಹಲ್ಲಿಲ್ಲ ಕಣೋ, ನನ್ನ ಹಾಗೇನೇ! ಹಲ್ಲಿದ್ದಾಗ ಕಡಲೆ ಇಲ್ಲ, ಕಡಲೆ ಇದ್ದಾಗ ಹಲ್ಲಿಲ್ಲ ಅಂತಾರಲ್ಲ, ಅದೇ ಆಯ್ತು ನೋಡು."

ಪೇಂಟರ್ ಉಪ್ಪಿನ ಡಬ್ಬಿಯ ಮೇಲಿನ ಅಕ್ಷರಗಳನ್ನು ಬಹಳ ಆಸಕ್ತಿಯಿಂದ ಓದತೊಡಗಿದ. ಅತ್ತಿಗೆ ನಿಧಾನವಾಗಿ ಕರವಸ್ತ್ರ ಕೆಳಗಿಳಿಸಿದರು.

"ಮಂಗಳವಾರ ತೊಳೆಯೋವಾಗ ಜಾರಿ ಶಿಂಕಿಗೆ ಬಿತ್ತು" ಎಂದರು. "ಎರಡು ಹೋಳು. ಹೊಶ ಶೆಟ್ಟಿಗೆ ಹತ್ತು ದಿನ ಬೇಕಂತೆ."

"ಸೆಟ್ಟಾ? ನಿನಗೆ ಹಲ್ಲುಸೆಟ್ಟು ಇತ್ತಾ? ಯಾವಾಗಿಂದ?"

"ಹನ್ನೊಂದು ವರ್ಷ."

"ಹನ್ನೊಂದು ವರ್ಷ!" ಹೆಂಡತಿ ಪ್ಲಾಸ್ಟರಿನ ಕೈಯನ್ನೇ ಹಣೆಗೆ ಬಡಿದುಕೊಂಡಳು. "ಅಯ್ಯೋ, ಹಲ್ಲು ಅಂದ್ರೆ ನಮ್ಮಕ್ಕಂದು, ಈ ವಯಸ್ಸಲ್ಲೂ ಮುತ್ತು ಪೋಣಿಸಿದ ಹಾಗಿದೆ ಅಂತ ಕಂಡಕಂಡವರ ಹತ್ರ ಹೊಗಳ್ಕೊಂಡು ಬಂದೆನಲ್ಲ ನಾನು!"

"ಹೊಗಳಿದ್ದೇನೂ ಶುಳ್ಳಲ್ಲ. ಒಳ್ಳೇ ಡಾಕ್ಟ್ರ ಹತ್ರಾನೇ ಮಾಡಿಶಿದ್ದು."

"ನನ್ನ ಹತ್ರ ಹೇಳೋಕೇನಾಗಿತ್ತು ನಿನಗೆ?"

"ನೀನು ಬಿದ್ದಿದ್ದನ್ನ ನನಗೆ ಹೇಳೋಕೇನಾಗಿತ್ತು? ಪಕ್ಕದ ಮನೆಯವರು ಹೇಳಿ ನನಗೆ ಗೊತ್ತಾಗ್ಬೇಕಾ?"

"ನೀನು ಬೈತೀಯ ಅಂತ."

"ನೀನು ನಗ್ತೀಯ ಅಂತ."

ಇಬ್ಬರೂ ಮುಖ ಮುಖ ನೋಡಿಕೊಂಡರು. ಹೆಂಡತಿಗೆ ಅಳು ಬರುತ್ತಿತ್ತೋ ನಗು ಬರುತ್ತಿತ್ತೋ ಅವಳಿಗೇ ತಿಳಿಯಲಿಲ್ಲ. "ಹಲ್ಲಿಲ್ದೆ ಬಸ್ಸಲ್ಲಿ ಅಷ್ಟು ದೂರ ಬರೋ ಬದ್ಲು ಹತ್ತು ದಿನ ಬಿಟ್ಟು ಬರಬಹುದಿತ್ತಲ್ಲ."

"ತಂಗಿ ಕೈ ಮುರ್ಕೊಂಡಿದ್ದಾಳೆ, ನಾನು ಮನೇಲಿ ಕೂತು ಹಲ್ಲಿಗೆ ಕಾಯ್ಲಾ?" ಎಂದು ಅತ್ತಿಗೆ ಗದರಿದರು. ಬಂದಾಗಿನಿಂದ ಮೊದಲ ಬಾರಿಗೆ ಬೈದದ್ದು. ಹೆಂಡತಿಗೆ ಜೀವ ಬಂದ ಹಾಗಾಯಿತು. ಎಡಗೈಯಿಂದ ಅಕ್ಕನ ಕೈ ಹಿಡಿದುಕೊಂಡಳು.

ಪೇಂಟರ್ ಗಂಟಲು ಸರಿಪಡಿಸಿಕೊಂಡ. "ಅತ್ತಿಗೆ, ಎರಡೇ ಹೋಳಾಗಿದ್ರೆ... ನನ್ನ ಅಂಗಡೀಲಿ ಒಳ್ಳೇ ಅಂಟಿದೆ. ಮಳೆಗೂ ಬಿಡಲ್ಲ, ಬಿಸಿಲಿಗೂ ಬಿಡಲ್ಲ."

"ಪೇಂಟರೇ, ಅದು ಬಾಯಿ. ಬೋರ್ಡಲ್ಲ" ಎಂದರು ಅತ್ತಿಗೆ. ಮೂರನೆಯ ಬಟ್ಟಲು ಆಲೂಗಡ್ಡೆಯನ್ನು ತಾವೇ ಎಳೆದುಕೊಂಡರು.

ಊಟವಾದ ಮೇಲೆ ಬೇಡವೆಂದರೂ ಕೇಳದೆ ಅತ್ತಿಗೆ ಪಾತ್ರೆ ತೊಳೆಯಲು ನಿಂತರು. ಹೊಸ ಸೆಟ್ಟು ಬರುವವರೆಗೂ ಇಲ್ಲೇ ಇದ್ದು ತಂಗಿಯ ಮನೆ ನೋಡಿಕೊಳ್ಳುವುದೆಂದು ಅವರೇ ತೀರ್ಮಾನ ಮಾಡಿ ಅವರೇ ಎಲ್ಲರಿಗೂ ತಿಳಿಸಿದ್ದರು. ಪೇಂಟರ್ ಪಕ್ಕದಲ್ಲಿ ನಿಂತು ಬಟ್ಟಲು ಒರೆಸುತ್ತಿದ್ದ. ತಾಯಿ ಎದ್ದು ಬಾಲ್ಕನಿಗೆ ಹೋಗಿ ಗಾಳಿಗೆ ಕೂತಿದ್ದಳು.

"ನೀವು ನೋಡಿದ್ರಿ. ನೋಡಿದ್ರೂ ಬಾಯಿ ಬಿಡಲಿಲ್ಲ" ಎಂದರು ಅತ್ತಿಗೆ, ಬಟ್ಟಲಿನ ಮೇಲೇ ಕಣ್ಣಿಟ್ಟು. "ಒಳ್ಳೆಯವರು ನೀವು."

ಇಪ್ಪತ್ತೆರಡು ವರ್ಷದಲ್ಲಿ ಇಂಥದ್ದೊಂದು ಮಾತು ಬಂದೀತೆಂದು ಪೇಂಟರ್ ಎಣಿಸಿರಲಿಲ್ಲ. ಒರೆಸಿದ ಬಟ್ಟಲನ್ನೇ ಮತ್ತೊಮ್ಮೆ ಒರೆಸಿದ.

"ಆದ್ರೆ ಈ ವಿಷಯ ಈ ನಾಲ್ಕು ಗೋಡೆ ದಾಟಬಾರದು."

"ನಾನ್ಯಾರಿಗೆ ಹೇಳಲಿ ಅತ್ತಿಗೆ? ಪ್ರಾಣ ಹೋದ್ರೂ..."

ಅವನ ಮಾತು ಮುಗಿಯುವ ಮೊದಲೇ ಬಾಲ್ಕನಿಯಿಂದ ತಾಯಿಯ ದನಿ ಕೇಳಿತು. ಎದುರು ಮನೆಯ ಬಾಲ್ಕನಿಯಲ್ಲಿ ಬಟ್ಟೆ ಒಣಹಾಕುತ್ತಿದ್ದ ಹೆಂಗಸಿಗೆ, ನಡುವೆ ಇಡೀ ಬೀದಿ ಇದ್ದುದರಿಂದ ಅದಕ್ಕೆ ತಕ್ಕ ಗಂಟಲಿನಲ್ಲಿ, ಮುದುಕಿ ವರದಿ ಒಪ್ಪಿಸುತ್ತಿದ್ದಳು: "ಸೊಸೆಯ ಅಕ್ಕ ಕಣಮ್ಮಾ! ಪಾಪ, ಒಂದೂ ಇಲ್ಲವಂತೆ! ಮೂವತ್ತೆರಡಕ್ಕೆ ಮೂವತ್ತೆರಡೂ ಹೋಗಿದೆಯಂತೆ!" ಕೆಳಗೆ ಸೈಕಲ್ಲಿನಲ್ಲಿ ಹೋಗುತ್ತಿದ್ದವನೊಬ್ಬ ಕಾಲು ಊರಿ ನಿಂತ.

ಪೇಂಟರ್ ಬಟ್ಟಲು ಹಿಡಿದು ಕಲ್ಲಾದ. ಅತ್ತಿಗೆ ನಲ್ಲಿ ನಿಲ್ಲಿಸಿದರು, ಕೈ ಒರೆಸಿಕೊಂಡರು. ಕರವಸ್ತ್ರ ಕಟ್ಟೆಯ ಮೇಲೇ ಇತ್ತು, ಅದನ್ನು ಮುಟ್ಟಲಿಲ್ಲ. ನೇರ ಬಾಲ್ಕನಿಗೆ ನಡೆದು, ಮುದುಕಿಯ ಪಕ್ಕದಲ್ಲಿ ಸೊಂಟಕ್ಕೆ ಕೈಕೊಟ್ಟು ನಿಂತು, ಆಸ್ಪತ್ರೆಯ ಅಡುಗೆಮನೆಯನ್ನು ನಡುಗಿಸುತ್ತಿದ್ದ ಆ ಹಳೆಯ ದನಿಯಲ್ಲಿ ತಿದ್ದಿದರು: "ಮೂವತ್ತೆರಡಲ್ಲ ರೀ! ಶರಿಯಾಗಿ ಕೇಳಿ! ಹೋಗಿದ್ದು ಮೇಲಿನ ಶಾಲು ಮಾತ್ರ!"

ಎದುರಿನ ಹೆಂಗಸು ಕೈಯಲ್ಲಿದ್ದ ಒದ್ದೆ ಬಟ್ಟೆಯನ್ನು ಎದೆಗೆ ಅವುಚಿಕೊಂಡಳು. "ಅಯ್ಯೋ ಪಾಪ! ಶಾಲು ಹೋಯ್ತಾ? ಬಸ್ಸಲ್ಲಿ ಬಿಟ್ರಾ? ಯಾವ ಬಣ್ಣದ್ದು?"

ಅತ್ತಿಗೆ ಒಂದು ಕ್ಷಣ ತಬ್ಬಿಬ್ಬಾದರು. ಆಮೇಲೆ ಹೊಟ್ಟೆಯ ಆಳದಿಂದ ನಗು ಎದ್ದುಬಂತು. ತಡೆಯಲು ಕೈ ಬಾಯಿಯ ಹತ್ತಿರ ಹೋದದ್ದು ಅರ್ಧದಲ್ಲೇ ನಿಂತಿತು. ಬಾಯಿ ತುಂಬ ನಗುತ್ತ, ಬೆರಳಿನಿಂದ ಬೋಳು ಒಸಡನ್ನು ತೋರಿಸುತ್ತ, "ಬಿಳೀದು ರೀ! ಬಿಳೀದು!" ಎಂದು ಕೂಗಿದರು. ಏನೂ ಅರ್ಥವಾಗದ ಮುದುಕಿ, ಎಲ್ಲರೂ ನಗುತ್ತಿದ್ದಾರಲ್ಲ ಎಂದು, ತಾನೂ ಬಾಯಿ ತೆರೆದು ನಕ್ಕಳು.